ಅಡ್ಡ ಹಿಡಿದ ಕೈ

ಮಗಳನ್ನು ಗಿಟಾರ್ ಕ್ಲಾಸಿಗೆ ಸೇರಿಸಿದ್ದು ನಾನು. ವರ್ಷ ತುಂಬುವ ಮೊದಲೇ ಅವಳು ಬಿಟ್ಟಳು. ನಾನು ಮಾತ್ರ ಇನ್ನೂ ಆ ಮನೆಗೆ ಹೋಗುತ್ತಲೇ ಇದ್ದೇನೆ. ಊರಿನಿಂದ ಯಾರಾದರೂ ಫೋನ್ ಮಾಡಿ, "ಜಪಾನಲ್ಲಿ ಏನಮ್ಮ ಮಾಡ್ತಿದೀಯ?" ಎಂದು ಕೇಳಿದರೆ ಪಕ್ಕದಲ್ಲಿರುವ ಗಂಡ ಜೋರಾಗಿ, "ಮರ ಕೆರೀತಾಳೆ!" ಎನ್ನುತ್ತಾರೆ. ಸುಳ್ಳೇನೂ ಅಲ್ಲ. ಮರ ಕೆರೆಯುವುದನ್ನು ಕಲಿಯಲು ನನಗೆ ಐದಾರು ವರ್ಷ ಹಿಡಿಯಿತು, ಇನ್ನೂ ಪೂರ್ತಿ ಬಂದಿಲ್ಲ.

ನಾವಿರುವುದು ಕಾವಾಸಾಕಿಯಲ್ಲಿ. ಗಂಡನ ಆಫೀಸು ಇಲ್ಲೇ ಒಂದು ಕಾರ್ಖಾನೆಯ ಪಕ್ಕ. ಫುನಾಬೊರಿಯಲ್ಲಿ ಮನೆ ಮಾಡಿದ್ದರೆ ಕನ್ನಡದವರು ಸಿಗುತ್ತಿದ್ದರು, ಮೆಂತ್ಯದ ಸೊಪ್ಪು ಸಿಗುತ್ತಿತ್ತು ಎಂದು ಮೊದಲೆರಡು ವರ್ಷ ಅವರ ತಲೆ ತಿಂದಿದ್ದೇನೆ. ಮೈಸೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳುತ್ತಿದ್ದವಳು ನಾನು. ಇಲ್ಲಿ ಬಂದ ಮೇಲೆ ಮೂಲೆಯ ಕೊಂಬಿನಿ ಅಂಗಡಿಯ ಹುಡುಗಿಗೆ ಚೀಲ ಬೇಡ ಎಂದು ಹೇಳುವುದಕ್ಕೂ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಬೇಕಾಗುತ್ತಿತ್ತು. ಸಿಟ್ಟು ಮೊದಲೇ ನನ್ನ ಮೂಗಿನ ತುದಿಯಲ್ಲಿ ಕೂತಿರುತ್ತದೆ. ಅಂಥವಳಿಗೆ ಮಾತೂ ಬಾರದೆ ಹೋದರೆ ಏನಾಗಬೇಡ?

ಗಿಟಾರ್ ಕ್ಲಾಸು ನಡೆಯುತ್ತಿದ್ದದ್ದು ನದೀ ದಂಡೆಯ ಹತ್ತಿರದ ಒಂದು ಹಳೆಯ ಎರಡಂತಸ್ತಿನ ಮನೆಯಲ್ಲಿ. ಮೇಲೆ ಒಬ್ಬ ಹಿರಿಯ ಹೆಂಗಸು ಮಕ್ಕಳಿಗೆ ಕಲಿಸುತ್ತಿದ್ದರು. ಅವರನ್ನು ಎಲ್ಲರೂ ಓಕುಸಾನ್ ಎನ್ನುತ್ತಿದ್ದರು, ಅಂದರೆ ಮನೆಯ ಯಜಮಾನಿ. ಕೆಳಗೆ ಅವರ ಗಂಡನ ಕಾರ್ಯಾಗಾರ. ಅಮ್ಮಂದಿರೆಲ್ಲ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಕೂತು ಕಾಯಬೇಕು. ಮೊದಲ ದಿನ ಹಾಗೆ ಕೂತಿದ್ದಾಗ ಬಾಗಿಲ ಸಂದಿಯಿಂದ ಒಂದು ವಾಸನೆ ಬಂತು. ನಾನು ಎದ್ದು ನಿಂತುಬಿಟ್ಟೆ. ಮೈಸೂರಿನಲ್ಲಿ ನಾನು ಶಾಲೆಗೆ ಹೋಗುವ ದಾರಿಯಲ್ಲಿ ಮರದಲ್ಲಿ ಚಿತ್ರ ಕೂರಿಸುವವರ ಮನೆಗಳ ಸಾಲೇ ಇತ್ತು. ಗರಗಸ ಆಡುವಾಗ ಇಡೀ ಬೀದಿ ಇದೇ ವಾಸನೆ ಹೊಡೆಯುತ್ತಿತ್ತು. ಬೀಟೆ ಮರದ ವಾಸನೆ ಅದು.

"ಸುಮಿಮಾಸೆನ್" ಎಂದು ಕ್ಷಮೆ ಕೇಳುತ್ತಾ ಬಾಗಿಲು ಸರಿಸಿದೆ. ಒಳಗೆ ಬಿಳಿ ಗಡ್ಡದ, ತೆಳ್ಳನೆಯ ಮುದುಕರೊಬ್ಬರು ಕಡುಗಂದು ಹಲಗೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಹಲಗೆ ತೋರಿಸಿ, ಎದೆ ಮುಟ್ಟಿಕೊಂಡು, "ನಮ್ಮೂರು" ಎಂದೆ. ಆಗ ನನಗೆ ಬರುತ್ತಿದ್ದ ಜಪಾನಿಯಲ್ಲಿ ಅಷ್ಟೇ ಸಾಧ್ಯವಿತ್ತು. ಅವರು ಹಲಗೆಯನ್ನು ನನ್ನ ಕೈಗೇ ಕೊಟ್ಟರು. ನಾನು ಮೂಸಿದೆ. ಅವರೂ ಮೂಸಿದರು. ಆಮೇಲೆ ಇಬ್ಬರೂ ನಕ್ಕೆವು.

ಅವರೇ ನನ್ನ ಸೆನ್ಸೇ, ನನ್ನ ಗುರು.

ಸೆನ್ಸೇ ಇಪ್ಪತ್ತರ ವಯಸ್ಸಿನಲ್ಲಿ ಸ್ಪೇನಿನ ಗ್ರನಾಡಾಕ್ಕೆ ಹೋಗಿ, ಅಲ್ಲೊಬ್ಬ ಗಿಟಾರ್ ಮಾಡುವವರ ಮನೆಯಲ್ಲಿ ಹಲವು ವರ್ಷ ಕೆಲಸ ಕಲಿತು ಬಂದವರು. ಬಂದಾಗಿನಿಂದ ಕಾವಾಸಾಕಿಯ ಈ ಕೋಣೆಯಲ್ಲಿ ಸ್ಪೇನಿನ ಗಿಟಾರೇ ಮಾಡುತ್ತಿದ್ದಾರೆ. ನಾನು ಕಸ ಗುಡಿಸುವುದರಿಂದ ಶುರು ಮಾಡಿದೆ. ಆಮೇಲೆ ಅಂಟು ಕಾಯಿಸುವ ಕೆಲಸ ಸಿಕ್ಕಿತು, ಆಮೇಲೆ ಉಳಿ ಮಸೆಯುವುದು. ನನಗೆ ಬೆನ್ನು ತಟ್ಟಿಸಿಕೊಳ್ಳುವ ಆಸೆ. ಅವರ ಬಾಯಲ್ಲಿ ಹೊಗಳಿಕೆ ಎಂಬುದೇ ಇಲ್ಲ. ಒಂದು ವರ್ಷ ಕಳೆದ ಮೇಲೆ ನಾನು ಮಸೆದ ಉಳಿಯನ್ನು ನೋಡಿ "ಹೂಂ" ಎಂದರು. ಅವತ್ತು ಮನೆಗೆ ಹೋಗಿ ಪಾಯಸ ಮಾಡಿದೆ.

ಗಿಟಾರಿನ ಬೆನ್ನು, ಪಕ್ಕ ಎರಡೂ ನಮ್ಮ ಬೀಟೆ. ಹೊಳಪಿಗೆ ಹಚ್ಚುವುದು ಅರಗು, ಅದೂ ನಮ್ಮ ದೇಶದ್ದು. ಕೆಲಸ ಮಾಡುವವರು ಜಪಾನಿನವರು. "ಹಾಗಾದರೆ ಇದರಲ್ಲಿ ಸ್ಪೇನಿನದು ಅಂತ ಏನಿದೆ?" ಎಂದು ಒಮ್ಮೆ ಕೆಣಕಿದೆ. ಅವರು ಸ್ವಲ್ಪವೂ ಬೇಸರಪಡದೆ, "ಕ್ರಮ" ಎಂದರು. ಬೇರೆ ಕಡೆ ಮೊದಲು ಡಬ್ಬ ಮಾಡಿ ಆಮೇಲೆ ಕತ್ತು ಕೂರಿಸುತ್ತಾರಂತೆ. ಸ್ಪೇನಿನ ರೀತಿಯಲ್ಲಿ ಕತ್ತು ಮೊದಲಿನಿಂದಲೂ ಜೊತೆಗಿರುತ್ತದೆ. ಮುಖದ ಹಲಗೆಯನ್ನು ಕೆಳಮುಖವಾಗಿ ಮಲಗಿಸಿ, ಕತ್ತು ಜೋಡಿಸಿ, ಪಕ್ಕಗಳನ್ನು ಕತ್ತಿನ ಬುಡದಲ್ಲಿ ಕೊರೆದ ಸೀಳಿಗೆ ಸೇರಿಸಿ, ಕೊನೆಯಲ್ಲಿ ಬೆನ್ನು ಮುಚ್ಚಿ ಹಗ್ಗ ಸುತ್ತಿ ಬಿಗಿಯುತ್ತಾರೆ. ಉಜ್ಜುಗೊರಡನ್ನೂ ಸೆನ್ಸೇ ಸ್ಪೇನಿನವರ ಹಾಗೆ ಮುಂದಕ್ಕೆ ತಳ್ಳುತ್ತಾರೆ. ಜಪಾನಿನ ಬಡಗಿಗಳು ತಮ್ಮ ಕಡೆಗೆ ಎಳೆಯುವುದು. ಉಪಕರಣದ ಅಂಗಡಿಯವನು ಇವರನ್ನು ಕಂಡಾಗಲೆಲ್ಲ "ತಳ್ಳುವವರು ಬಂದರು" ಎಂದು ನಗುತ್ತಾನೆ.

ಮಗಳು ಕ್ಲಾಸು ಬಿಟ್ಟದ್ದು ಬೇಸರದಿಂದ. ಓಕುಸಾನ್ ಕ್ಲಾಸನ್ನೇ ಬಿಟ್ಟದ್ದು ಕೈ ನೋವಿನಿಂದ. ಅದು ನಡೆದದ್ದು ಕೆಲವು ವರ್ಷಗಳ ಮೇಲೆ. ಬೆರಳಿನ ಕೀಲುಗಳೆಲ್ಲ ಊದಿ, ಬೆಳಿಗ್ಗೆ ಟೀ ಲೋಟ ಹಿಡಿಯುವುದೂ ಕಷ್ಟವಾಯಿತು. ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಬೇರೆ ಕಡೆ ಕಳಿಸಿಕೊಟ್ಟರು. ಅವರ ಗಿಟಾರ್, ಸೆನ್ಸೇ ಮದುವೆಗೆ ಮುಂಚೆ ಮಾಡಿಕೊಟ್ಟಿದ್ದು, ಗೋಡೆಯ ಮೇಲೆ ಬಟ್ಟೆ ಹೊದ್ದುಕೊಂಡು ತೂಗಿತು. ಆದರೆ ಮಾತಾಡುವಾಗ ಓಕುಸಾನ್ ಎಡಗೈ ಬೆರಳು ಮೇಜಿನ ಅಂಚಿನ ಮೇಲೆ ಸ್ವರ ಒತ್ತುತ್ತಲೇ ಇರುತ್ತಿತ್ತು.

ಡಾಕ್ಟರು, ಒತ್ತಡ ಹಾಕದೆ ಹಗುರವಾಗಿ ನುಡಿಸಬಹುದು, ಒಳ್ಳೆಯದೇ, ಎಂದಿದ್ದರು. ಹಗುರವಾಗಿ ಮುಟ್ಟಿದರೆ ಆ ಹಳೆಯ ಗಿಟಾರ್ ಮಾತೇ ಆಡುತ್ತಿರಲಿಲ್ಲ.

ಒಂದು ವಸಂತದಲ್ಲಿ ಸೆನ್ಸೇ ಅಟ್ಟದಿಂದ ಒಂದು ಬಟ್ಟೆಯ ಗಂಟು ಇಳಿಸಿ ತಂದರು. ಒಳಗೆ ಸ್ಪ್ರೂಸ್ ಮರದ ಜೋಡಿ ಹಲಗೆ. ಗಿಟಾರಿನ ಮುಖಕ್ಕೆ ಬೇಕಾದ್ದು. ಗ್ರನಾಡಾ ಬಿಟ್ಟು ಹೊರಡುವ ದಿನ ಅವರ ಗುರು ಕೈಗೆ ಕೊಟ್ಟಿದ್ದಂತೆ. ಅವತ್ತಿನಿಂದ ಇವತ್ತಿನವರೆಗೆ ಯಾವ ಗಿರಾಕಿಗೂ ಅದನ್ನು ಮುಟ್ಟಲು ಬಿಟ್ಟಿರಲಿಲ್ಲ. ಎಳೆಗಳು ಎಷ್ಟು ಸಣ್ಣಗೆ, ನೇರವಾಗಿದ್ದವೆಂದರೆ ನಾನು ಮೊದಲು ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ ಅಂದುಕೊಂಡೆ.

"ಓಕುಸಾನ್‌ಗೆ" ಎಂದರು.

ಯೋಜನೆ ಸರಳ. ಕತ್ತು ಸ್ವಲ್ಪ ಗಿಡ್ಡ, ತಂತಿಯ ಬಿಗಿ ಕಡಿಮೆ, ಬೆರಳಿಗೆ ಶ್ರಮವಿಲ್ಲ. ಆದರೆ ಬಿಗಿ ಕಡಿಮೆಯಾದ ತಂತಿಗೆ ಮುಖದ ಹಲಗೆಯನ್ನು ಅಲುಗಿಸುವ ಶಕ್ತಿಯೂ ಕಡಿಮೆ. ಹಾಗಾಗಿ ಹಲಗೆ ತುಂಬಾ ತೆಳ್ಳಗಿರಬೇಕು. ಎಲ್ಲಿಯವರೆಗೆ ತೆಳ್ಳಗೆ? ಒಂದು ಹಂತ ದಾಟಿದರೆ ಮರ ಸೋತುಹೋಗುತ್ತದೆ, ತಗಡಿನ ಡಬ್ಬ ಬಡಿದಂಥ ದನಿ ಬರುತ್ತದೆ, ಕ್ರಮೇಣ ಮುಖ ಕುಸಿಯುತ್ತದೆ. ಆ ಹಂತವನ್ನು ಹೇಳುವ ಅಳತೆ ಇಲ್ಲ. ನಾನು ಗಣಿತದವಳು, ದಪ್ಪ ಅಳೆಯುವ ಉಪಕರಣ ಹಿಡಿದುಕೊಂಡು ಅವರ ಹಿಂದೆ ಮುಂದೆ ಓಡಾಡುತ್ತಿದ್ದೆ. ಅವರು, "ಅದು ದಪ್ಪ ಹೇಳುತ್ತದೆ. ದನಿಯನ್ನು ಹಲಗೆಯೇ ಹೇಳಬೇಕು" ಎನ್ನುತ್ತಿದ್ದರು. ಹಲಗೆಯನ್ನು ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, ಕಿವಿಯ ಹತ್ತಿರ ತೂಗಿ, ಗೆಣ್ಣಿನಿಂದ ತಟ್ಟುವುದು. ಮೊದಮೊದಲು ಬಾಗಿಲು ತಟ್ಟಿದ ಸದ್ದು. ಕೆರೆಯುತ್ತಾ ಹೋದಂತೆ ಆ ಸದ್ದಿನ ಮೇಲೆ ಇನ್ನೊಂದು, ಸಣ್ಣ ಗಂಟೆಯಂಥದ್ದು, ಏಳುತ್ತದೆ. ಅದು ಎದ್ದು ಸ್ಪಷ್ಟವಾಗಿ ನಿಂತಾಗ ಕೈ ನಿಲ್ಲಿಸಬೇಕು.

ಮಳೆಗಾಲ ಬಂತು. ಗಾಳಿಯಲ್ಲಿ ತೇವ ಇರುವಾಗ ಮರ ಉಬ್ಬಿರುತ್ತದೆ, ಆಗ ಅಂಟಿಸಿದರೆ ಚಳಿಗಾಲದಲ್ಲಿ ಸೀಳುತ್ತದೆ. ಆದ್ದರಿಂದ ಹಲಗೆಯನ್ನು ಒಣ ಕೋಣೆಯಲ್ಲಿಟ್ಟು ನಾವು ರಿಪೇರಿ ಕೆಲಸ ಮಾಡಿಕೊಂಡು ಕೂತೆವು.

ಆ ದಿನಗಳಲ್ಲೇ ಊಟದ ಪ್ರಸಂಗ ನಡೆದದ್ದು. ಅದುವರೆಗೆ ನಾವು ಮೂವರೂ ನಮ್ಮ ನಮ್ಮ ಡಬ್ಬಿಯ ಊಟ ತಿನ್ನುತ್ತಿದ್ದೆವು. ಒಂದು ದಿನ ನಾನು ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ಹೊತ್ತುಕೊಂಡು ಹೋಗಿ, ಮೇಲಿನ ಮನೆಯ ಮೇಜಿನ ಮೇಲಿಟ್ಟು, ಬಡಿಸಿದೆ. ಸೆನ್ಸೇ ತಟ್ಟೆ ಖಾಲಿ ಮಾಡಿದರು. ಖಾಲಿ ತಟ್ಟೆ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಇನ್ನೊಂದು ಸೌಟು ಹಾಕಿದೆ. "ಇಲ್ಲ, ಇಲ್ಲ, ಸಾಕಷ್ಟಾಯಿತು" ಎಂದರು. ಎಲ್ಲರೂ ಹಾಗೇ ಹೇಳುತ್ತಾರೆ ಅಂದುಕೊಂಡೆ. ಅವರು ಅದನ್ನೂ ಒಂದು ಅಗುಳು ಬಿಡದೆ ತಿಂದರು. ಮತ್ತೆ ಖಾಲಿ. ಮತ್ತೆ ಹಾಕಿದೆ. ಅವರ ಹಣೆಯ ಮೇಲೆ ಬೆವರು ಬಂತು. ಖಾರಕ್ಕೆ ಇರಬೇಕು ಎಂದು ಮೊಸರನ್ನೂ ಹಾಕಿದೆ. ಕೊನೆಗೆ ಓಕುಸಾನ್ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಬಿದ್ದು ಬಿದ್ದು ನಕ್ಕರು. "ತಟ್ಟೆಯಲ್ಲಿ ಬಿಟ್ಟರೆ ಅಡುಗೆ ಮಾಡಿದವರಿಗೆ ಅವಮಾನ, ಅದಕ್ಕೆ ಖಾಲಿ ಮಾಡುತ್ತಿದ್ದಾರೆ. ನೀವು ಖಾಲಿಯಾದರೆ ಹಾಕುತ್ತೀರಿ. ಇವತ್ತು ಇವರು ಸಾಯುತ್ತಾರೆ."

ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ನಮ್ಮ ಕಡೆಯ ಪದ್ಧತಿ ಹೇಳಿಕೊಟ್ಟೆ. ಬಾಳೆಲೆಯ ಮೇಲೆ ಬಡಿಸುತ್ತಾರೆ. ಬೇಡವಾದರೆ ಬಾಯಲ್ಲಿ "ಸಾಕು" ಎಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಎಲೆಯ ಮೇಲೆ ಬಾಗಿ, ಅಂಗೈ ಅಗಲಿಸಿ ಅಡ್ಡ ಹಿಡಿಯಬೇಕು. ಆಗ ಬಡಿಸುವವರು ಮುಂದಿನ ಎಲೆಗೆ ಹೋಗುತ್ತಾರೆ.

"ಹಾಗಾದರೆ ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೇ ಇಲ್ಲವಾ?" ಎಂದು ಸೆನ್ಸೇ ಕೇಳಿದರು.

"ಇಲ್ಲ. ಅದು ಮರ್ಯಾದೆಗೆ. ಕೈ ಅಡ್ಡ ಬಂದರೆ ಮಾತ್ರ ನಿಜ."

"ಕೈ ಅಡ್ಡ ಬಂದೂ ಇನ್ನೂ ಆಸೆ ಇದ್ದರೆ?"

"ಮುಖ ನೋಡಿದರೆ ಗೊತ್ತಾಗುತ್ತೆ" ಎಂದೆ.

ಅವತ್ತಿನಿಂದ ಇದು ನಮ್ಮ ಮೂವರ ಆಟವಾಯಿತು. ಸಾರು, ಅನ್ನ, ಚಿತ್ರಾನ್ನ, ಏನೇ ತಂದರೂ ಸೆನ್ಸೇ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಗಂಭೀರವಾಗಿ, "ಸಾಕು" ಎನ್ನುತ್ತಿದ್ದರು. ಓಕುಸಾನ್ ಬಾಯಲ್ಲಷ್ಟೇ "ಸಾಕು" ಎಂದು ಕೈಯನ್ನು ಬೇಕೆಂದೇ ಮಡಿಲಲ್ಲಿಟ್ಟುಕೊಳ್ಳುತ್ತಿದ್ದರು. ನಾನು ಹಾಕುತ್ತಿದ್ದೆ.

ಸೆಪ್ಟೆಂಬರ್ ಬಂತು. ಸಂಜೆ ಕೆಲಸ ಮುಗಿಸಿ ಹಿಂಬಾಗಿಲ ಮೆಟ್ಟಿಲಲ್ಲಿ ಮೂವರೂ ಬಾರ್ಲಿ ಟೀ ಕುಡಿಯುವುದು ಅಭ್ಯಾಸ. ಅಲ್ಲಿಂದ ನದಿಯ ದಂಡೆಯ ಹುಲ್ಲು ಕಾಣುತ್ತದೆ. ಆ ಹುಲ್ಲಿನಲ್ಲಿ ಶರತ್ಕಾಲ ಬಂದರೆ ಸುಜುಮುಶಿ ಎಂಬ ಹುಳ ಕೂಗುತ್ತದೆ. ನಮ್ಮ ಜೀರುಂಡೆಯಂಥದ್ದೇ, ಆದರೆ ದನಿ ತುಂಬಾ ತೆಳು, ಗೆಜ್ಜೆ ಅಲ್ಲಾಡಿಸಿದ ಹಾಗೆ. ಇಲ್ಲಿನವರಿಗೆ ಅದು ಕೇಳದೆ ಶರತ್ಕಾಲ ಬಂದಂತಾಗುವುದಿಲ್ಲ. ಅವತ್ತು ದಂಡೆಯುದ್ದಕ್ಕೂ ಅವು ಕಿವಿ ತುಂಬುವಷ್ಟು ಕೂಗುತ್ತಿದ್ದವು. ಸೆನ್ಸೇ ಟೀ ಗುಟುಕರಿಸುತ್ತಾ ಹೇಳಿದರು:

"ಈ ವರ್ಷ ಸುಜುಮುಶಿ ಇನ್ನೂ ಬಂದಿಲ್ಲ."

ನಾನು ಬಾಯಿ ತೆರೆದೆ. ಓಕುಸಾನ್ ನನ್ನ ಕಡೆ ನೋಡಿದರು. ತೆರೆದ ಬಾಯನ್ನು ಹಾಗೇ ಮುಚ್ಚಿದೆ. "ಬೇಸಿಗೆ ಜಾಸ್ತಿಯಾಯಿತಲ್ಲ, ತಡವಾಗಿ ಬರುತ್ತವೆ" ಎಂದು ಓಕುಸಾನ್ ಶಾಂತವಾಗಿ ಉತ್ತರಿಸಿ ಟೀ ಲೋಟ ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ನನ್ನನ್ನು ಗೇಟಿನವರೆಗೆ ಕಳಿಸಲು ಬಂದವರು ದನಿ ತಗ್ಗಿಸಿ ಹೇಳಿದರು. ಹಿಂದಿನ ವರ್ಷವೂ ಸೆನ್ಸೇಗೆ ಹುಳದ ದನಿ ಕೇಳಿಸಿರಲಿಲ್ಲವಂತೆ. ಮಾತು ಕೇಳಿಸುತ್ತದೆ, ರೈಲು ಕೇಳಿಸುತ್ತದೆ, ಆದರೆ ತೆಳುವಾದ ಎತ್ತರದ ಸದ್ದುಗಳೆಲ್ಲ ಒಂದೊಂದಾಗಿ ಹೊರಟು ಹೋಗುತ್ತಿವೆ. ಅವರಿಗೆ ಅದು ಗೊತ್ತಿಲ್ಲ. "ಗೊತ್ತಾದರೆ ನಾಳೆಯೇ ಉಪಕರಣಗಳನ್ನು ಕಟ್ಟಿಡುತ್ತಾರೆ. ನನ್ನ ಗಿಟಾರ್ ಹೋದರೆ ಹೋಗಲಿ. ಬೆಳಿಗ್ಗೆ ಎದ್ದು ಇಳಿದು ಹೋಗಲು ಕೆಳಗೊಂದು ಕೋಣೆ ಇಲ್ಲದಿದ್ದರೆ ಈ ಮನುಷ್ಯ ಏನು ಮಾಡಬೇಕು? ದಯವಿಟ್ಟು ಹೇಳಬೇಡಿ" ಎಂದು ನನಗೆ, ಅವರ ಅರ್ಧ ವಯಸ್ಸಿನವಳಿಗೆ, ತಲೆ ಬಾಗಿಸಿದರು.

ಮನೆಗೆ ಬಂದು ಗಂಡನ ಹತ್ತಿರ ಹೇಳಿಕೊಂಡೆ. ಅವರು, "ನೀನು ಸುಮ್ನೆ ಇರ್ತೀಯಾ? ಡೌಟು" ಎಂದರು. ಮಗಳು ಫೋನಿನಿಂದ ತಲೆ ಎತ್ತದೆ, "Amma, just tell him politely" ಎಂದಳು. ನಾನು ಉರಿದುಬಿದ್ದೆ. "ಪೊಲೈಟ್ ಆಗಿ ಹೇಳೋದು ಹೇಗೆ ಅಂತ ನೀನೇ ಹೇಳಿಕೊಡು ಬಾ" ಎಂದೆ. ಅವಳು ಒಂದು ಉದ್ದನೆಯ ಜಪಾನಿ ವಾಕ್ಯ ಹೇಳಿದಳು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿತ್ತು ಅದು, ಕೇಳಿದವರಿಗೆ ಏನೂ ನೋವಾಗದು, ಏನೂ ತಿಳಿಯದು. ಆದರೂ ಬಾಯಿಪಾಠ ಮಾಡಿಕೊಂಡೆ.

ಅಕ್ಟೋಬರ್ ಕೊನೆಗೆ ಗಾಳಿ ಒಣಗಿತು. ಸೆನ್ಸೇ ಹಲಗೆಯನ್ನು ಹೊರತೆಗೆದರು.

ಉಜ್ಜುಗೊರಡಿನ ಕೆಲಸ ಮುಗಿದು, ಕೈಯಗಲದ ಉಕ್ಕಿನ ತಗಡು ಹಿಡಿದು ಕೆರೆಯುವ ಹಂತ. ಕೆರೆದಾಗ ಏಳುವ ಸಿಪ್ಪೆ ಈರುಳ್ಳಿಯ ಒಳಪೊರೆಗಿಂತ ತೆಳು. ನಾಲ್ಕೈದು ಸಲ ಕೆರೆಯುವುದು, ಎತ್ತಿ ತಟ್ಟುವುದು, ಕಿವಿಗೊಡುವುದು, ಮತ್ತೆ ಮಲಗಿಸುವುದು. ನಾನು ಎದುರಿಗೆ ನಿಂತು ಸಿಪ್ಪೆ ಗುಡಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ, ಅವರು ತಟ್ಟಿದಾಗ ಆ ಗಂಟೆಯ ದನಿ ಮೊದಲ ಸಲ ಎದ್ದಿತು. ನನಗೆ ಮೈ ಜುಮ್ಮೆಂದಿತು. ಇಷ್ಟು ವರ್ಷದಲ್ಲಿ ಅಷ್ಟು ಶುದ್ಧವಾಗಿ ಯಾವ ಹಲಗೆಯೂ ಕೂಗಿದ್ದನ್ನು ನಾನು ಕೇಳಿರಲಿಲ್ಲ. ನಾನು ಅವರ ಮುಖ ನೋಡಿದೆ.

ಅವರು ತಲೆ ಅಲ್ಲಾಡಿಸಿ, "ಇನ್ನೂ ಎದ್ದಿಲ್ಲ" ಎಂದು ಹಲಗೆಯನ್ನು ಮಲಗಿಸಿದರು.

ಮತ್ತೆ ಕೆರೆದರು. ಮತ್ತೆ ತಟ್ಟಿದರು. ಗಂಟೆ ಇನ್ನೂ ಸ್ಪಷ್ಟವಾಗಿ ನುಡಿಯಿತು. "ಇನ್ನೂ ಇಲ್ಲ" ಎಂದರು. "ಸೆನ್ಸೇ, ಚೆನ್ನಾಗಿ ನುಡಿಯುತ್ತಿದೆಯಲ್ಲವೇ?" ಎಂದೆ. ಅವರು ನಕ್ಕು, "ನಿನಗೆ ಯಾವಾಗಲೂ ಅವಸರ" ಎಂದರು. ಅದು ನಿಜವೇ. ಅವಸರಕ್ಕೆ ನಾನು ಹೆಸರುವಾಸಿ. ಬಾಯಿಪಾಠ ಮಾಡಿದ ಮಗಳ ವಾಕ್ಯವನ್ನು ಒಪ್ಪಿಸಿದೆ. ಅವರು "ಅರಿಗಾತೋ" ಎಂದು ಧನ್ಯವಾದ ಹೇಳಿ, ತಲೆ ಬಾಗಿಸಿ, ಮತ್ತೆ ತಗಡು ಎತ್ತಿಕೊಂಡರು. ಶಿಷ್ಯೆ ಮರ್ಯಾದೆಗೆ ಹೊಗಳುತ್ತಿದ್ದಾಳೆ ಅಂದುಕೊಂಡರು. ಅವರು ಊಟದ ದಿನ ಅಷ್ಟು ಸಲ ಬೇಡ ಎಂದಾಗ ನಾನು ಅಂದುಕೊಂಡಿದ್ದೂ ಅದನ್ನೇ.

ಹಲಗೆಯ ಬಲಭಾಗದಲ್ಲಿ ಅವರು ಬಗ್ಗಿ ಕೆರೆಯುತ್ತಿದ್ದರು. ಕಿಟಕಿಯ ಬೆಳಕು ಆ ಜಾಗದಲ್ಲಿ ಮರದ ಒಳಗೆ ಇಳಿದಂತೆ ಕಾಣತೊಡಗಿತ್ತು. ಮುಂದಿನ ಸಲ ತಟ್ಟಿದಾಗ ಗಂಟೆ ಇತ್ತು, ಆದರೆ ಅಂಚಿನಲ್ಲಿ ಒಂದು ಸಣ್ಣ ಸಡಿಲ, ಮಾತಾಡುವವರ ಗಂಟಲು ಒಣಗಿದಾಗ ಬರುವಂಥದ್ದು. ಇನ್ನು ನಾಲ್ಕು ಸಲ ತಗಡು ಆಡಿದರೆ ಮುಗಿಯಿತು. ಇಂಥ ಇನ್ನೊಂದು ಹಲಗೆ ಇಲ್ಲ. ಹೇಳಿದರೆ ಅವರ ಕೆಲಸ ನಿಲ್ಲುತ್ತದೆ, ಹೇಳದಿದ್ದರೆ ಓಕುಸಾನ್ ಕೈ ಮೇಜಿನ ಅಂಚಿನ ಮೇಲೇ ಉಳಿಯುತ್ತದೆ. ಮೇಲಿನ ಮನೆಯಲ್ಲಿ ಅವರು ಓಡಾಡುವ ಸದ್ದು ಕೇಳುತ್ತಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

ಸೆನ್ಸೇ ತಗಡನ್ನು ಮರಕ್ಕೆ ತಾಗಿಸಿದರು. ನಾನು ಪೊರಕೆ ಬಿಟ್ಟು, ಬಾಗಿ, ಎರಡೂ ಅಂಗೈ ಅಗಲಿಸಿ ಹಲಗೆಯ ಮೇಲೆ ಅಡ್ಡ ಹಿಡಿದೆ.

ತಗಡು ನನ್ನ ಬೆರಳಿನ ಹತ್ತಿರ ನಿಂತಿತು.

ಇಲ್ಲಿ ಯಾವ ಶಿಷ್ಯರೂ ಗುರುವಿನ ಉಪಕರಣಕ್ಕೆ ಕೈ ಅಡ್ಡ ತರುವುದಿಲ್ಲ. ಅವರು ಬೈದು ಹೊರಗೆ ಕಳಿಸಿದ್ದರೂ ಅದು ನ್ಯಾಯವೇ ಆಗುತ್ತಿತ್ತು. ಅವರು ನನ್ನ ಕೈಗಳನ್ನು ನೋಡಿದರು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದರು, ತುಂಬಾ ಹೊತ್ತು. ನಾನು ಕಣ್ಣು ತಗ್ಗಿಸಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಮೂಗೂ ಸೋರುತ್ತಿತ್ತು, ಕೈ ತೆಗೆಯುವ ಹಾಗಿರಲಿಲ್ಲ.

"ಸುಜುಮುಶಿ ಬಂದಿದ್ದವಾ?" ಎಂದು ಕೇಳಿದರು.

"ಬಂದಿದ್ದವು" ಎಂದೆ.

"ತುಂಬಾ?"

"ತುಂಬಾ."

ಅವರು ತಗಡನ್ನು ಅದರ ಜಾಗದಲ್ಲಿಟ್ಟರು. ಮುಂಗೈಗೆ ಅಂಟಿದ್ದ ಸಿಪ್ಪೆ ಬಿಡಿಸಿಕೊಂಡರು. ಚಪ್ಪಲಿ ಮೆಟ್ಟಿ ಹಿಂಬಾಗಿಲಿನಿಂದ ದಂಡೆಯ ಕಡೆ ಹೊರಟುಹೋದರು. ಬೇಕಾದರೆ ಹುಲ್ಲಿನೊಳಗೇ ಹೋಗಿ ನಿಲ್ಲಲಿ, ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಕೂಗುವುದು ಏನೂ ಉಳಿದಿರುವುದಿಲ್ಲ. ನಾನು ಹಲಗೆಯ ಮೇಲೆ ಬಟ್ಟೆ ಹೊದಿಸಿ ಮೇಲೆ ಹೋಗಿ ಓಕುಸಾನ್‌ಗೆ ಹೇಳಿದೆ. ಮಾತು ತಪ್ಪಿದೆ ಎಂದೆ. ಅವರು ಕಿಟಕಿಯ ಹತ್ತಿರ ನಿಂತು ದಂಡೆಯ ಮೇಲೆ ನಡೆಯುತ್ತಿದ್ದ ಗಂಡನನ್ನು ನೋಡುತ್ತಿದ್ದರು. ಕಾರ್ಯಾಗಾರ ಮುಚ್ಚಿತು, ನಾನೇ ಮುಚ್ಚಿಸಿದೆ ಎಂದು ನನಗೆ ಖಾತ್ರಿಯಾಗಿತ್ತು. ಕೆಳಗೆ ಬಂದು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದೆ.

ಬೆಳಕು ಇಳಿಯುವ ಹೊತ್ತಿಗೆ ಅವರು ಬಂದರು. ಚಪ್ಪಲಿ ಬಿಟ್ಟು, ಕೈ ತೊಳೆದು, ತಮ್ಮ ಸ್ಟೂಲನ್ನು ನನ್ನ ಕಡೆ ತಳ್ಳಿದರು.

"ಕೂತುಕೋ. ನೀನು ತಟ್ಟು."

ತಟ್ಟಿದೆ.

"ಹೇಳು."

ಹೇಳಿದೆ. ಎಡಕ್ಕೆ ಸರಿಯಾಗಿದೆ, ನಡುವೆ ಸರಿಯಾಗಿದೆ, ಬಲಕ್ಕೆ ಅಂಚಿನಲ್ಲಿ ಸ್ವಲ್ಪ ಸಡಿಲ, ಇನ್ನು ಅಲ್ಲಿ ಮುಟ್ಟಬಾರದು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು, ಹಲಗೆಯ ದನಿಯನ್ನಲ್ಲ, ನನ್ನ ಮಾತನ್ನು. ಬಲಭಾಗದ ಒಳಗಡೆ ಆಸರೆಯ ಕಡ್ಡಿಯನ್ನು ಒಂಚೂರು ಎತ್ತರ ಬಿಟ್ಟರೆ ಆ ಸಡಿಲ ಸರಿಹೋಗುತ್ತದೆ ಎಂದರು. ಇದು ನನಗೆ ಹೊಳೆಯುವ ವಿಷಯವಾಗಿರಲಿಲ್ಲ. ಆಮೇಲೆ ಎಲ್ಲಾ ಕೆಲಸ ಹಾಗೇ ನಡೆಯಿತು. ನಾನು ತಟ್ಟಿ ಹೇಳುವುದು, ಅವರು ಕೈ ಆಡಿಸುವುದು. ಓಕುಸಾನ್ ಗಂಡನನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕೊಟ್ಟ ಯಂತ್ರವನ್ನು ಸೆನ್ಸೇ ಹಾಕಿಕೊಳ್ಳುತ್ತಾರೆ, ಮಾತಿಗೆ. ಮರದ ಹತ್ತಿರ ಬಂದಾಗ ತೆಗೆದಿಡುತ್ತಾರೆ, ಅದರಲ್ಲಿ ಮರದ ದನಿ ಪ್ಲಾಸ್ಟಿಕ್ಕಿನದಾಗುತ್ತದಂತೆ.

ಜನವರಿಯ ಒಣ ಚಳಿಯಲ್ಲಿ ಬೆನ್ನು ಮುಚ್ಚಿದೆವು. ಹಗ್ಗ ಸುತ್ತುವಾಗ ಒಂದು ತುದಿ ಅವರ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಆಮೇಲೆ ವಾರಗಟ್ಟಲೆ ಅರಗು. ಬಟ್ಟೆಯ ಉಂಡೆಯಿಂದ ಸುತ್ತಿ ಸುತ್ತಿ ಹಚ್ಚಿ ನನ್ನ ಭುಜ ಬಿದ್ದುಹೋಯಿತು. ಹೆಸರುಕಾಳಿನ ಪಲ್ಯ ಮಾಡಿಕೊಂಡು ಹೋದ ದಿನ ಸೆನ್ಸೇ ಎಂದಿನಂತೆ ಕೈ ಅಡ್ಡ ಹಿಡಿದರು, ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ಅಷ್ಟೇ. ಅಕ್ಟೋಬರಿನ ಆ ಮಧ್ಯಾಹ್ನದ ಬಗ್ಗೆ ನಾವು ಇನ್ನೇನೂ ಮಾತಾಡಿಲ್ಲ.

ಚೆರ್ರಿ ಹೂ ಉದುರುವ ದಿನಗಳಲ್ಲಿ ತಂತಿ ಏರಿತು. ಮೇಲಿನ ಮನೆಯಲ್ಲಿ, ಮಕ್ಕಳು ಕೂರುತ್ತಿದ್ದ ಕೋಣೆಯಲ್ಲಿ, ಓಕುಸಾನ್ ಒಂದು ಕುರ್ಚಿಯಲ್ಲಿ ಕೂತರು. ಸೆನ್ಸೇ ಅವರೆದುರು ಕೂತರು, ಕಿವಿಯಲ್ಲಿ ಯಂತ್ರವಿರಲಿಲ್ಲ. ನಾನು ಬಾಗಿಲ ಹತ್ತಿರ ನಿಂತೆ. ನನ್ನ ಕೆಲಸ ನನಗೆ ಗೊತ್ತಿತ್ತು. ಕೇಳಬೇಕು, ಆಮೇಲೆ ಅವರಿಗೆ ಒಂದೊಂದು ತಂತಿಯ ವರದಿ ಒಪ್ಪಿಸಬೇಕು. ಹಿಂದಿನ ದಿನವೇ ಬೇಕಾಗುವ ಜಪಾನಿ ಪದಗಳನ್ನೆಲ್ಲ ಮಗಳಿಂದ ಕಲಿತು ಬಂದಿದ್ದೆ.

ಓಕುಸಾನ್ ಊದಿದ ಬೆರಳನ್ನು ತಂತಿಯ ಮೇಲೆ ಇಟ್ಟರು, ಒತ್ತಿದ್ದು ಕಾಣಿಸಲೂ ಇಲ್ಲ. ದನಿ ಬಂತು. ಸಣ್ಣದು, ಸ್ವಚ್ಛವಾದದ್ದು, ಕೋಣೆಯ ನಾಲ್ಕು ಮೂಲೆಗೂ ಹೋಯಿತು. ಅವರು ನುಡಿಸಿದ್ದು ಮಕ್ಕಳಿಗೆ ಮೊದಲು ಕಲಿಸುವ ಪಾಠ, ನನ್ನ ಮಗಳು ತಿಂಗಳುಗಟ್ಟಲೆ ಒದ್ದಾಡಿ ಕೈಬಿಟ್ಟದ್ದು. ಎತ್ತರದ ಸ್ವರಗಳು ಬಂದಾಗ ನಾನು ಉಸಿರು ಹಿಡಿದೆ. ಒಂದೂ ಸಡಿಲವಿರಲಿಲ್ಲ. ವರದಿ ಒಪ್ಪಿಸಲು ಸೆನ್ಸೇ ಕಡೆ ತಿರುಗಿದೆ.

ಅವರು ನನ್ನ ಕಡೆ ನೋಡಲೇ ಇಲ್ಲ. ಗಿಟಾರನ್ನೂ ನೋಡುತ್ತಿರಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಪಾಠ ಮುಗಿಯಿತು. ಓಕುಸಾನ್ ಬೆರಳುಗಳನ್ನು ಗಾಳಿಯಲ್ಲಿ ಒಮ್ಮೆ ಬಿಡಿಸಿಕೊಂಡರು. ಗಂಡ ಕಾಯುತ್ತಿರುವುದನ್ನು ಕಂಡು, ಅವರಿಗೆ ತೊಂದರೆ ಬೇಡವೆಂಬಂತೆ, ಕನ್ನಡದಲ್ಲಿ, "ಸಾಕು" ಎಂದರು.

ಸೆನ್ಸೇ ಹೆಂಡತಿಯ ಕೈ ನೋಡಿದರು. ಕೈ ತಂತಿಗಳಿಗೆ ಅಡ್ಡ ಬಂದಿರಲಿಲ್ಲ, ಮಡಿಲಲ್ಲಿತ್ತು. ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತರು. ಓಕುಸಾನ್ ನಕ್ಕು, ಮತ್ತೆ ನುಡಿಸಲು ಶುರು ಮಾಡಿದರು.